ತಾಡಪತ್ರಿಯ ಪರೀಕ್ಷೆ ಯಾರು ಬರೆಯಬೇಕು?

ಬಿರುಗಾಳಿಯಲ್ಲಿ ತಾಡಪತ್ರಿ ನಿಲ್ಲುತ್ತದೋ ಇಲ್ಲವೋ ಎಂದು ನೋಡುವ ಕೆಲಸಕ್ಕೆ ನಮ್ಮಲ್ಲಿ ಎರಡು ಹೆಸರುಗಳಿವೆ. ಚಾರಣಕ್ಕೆ ಹೋಗುವವರು ಬೇಕೆಂದೇ ಮಳೆ ಹುಡುಕಿಕೊಂಡು ಹೋಗಿ ಮಾಡಿದರೆ ಅದು ಪರೀಕ್ಷೆ. ಸಿರುಗುಪ್ಪದ ರೈತ ಏಪ್ರಿಲ್ ಕೊನೆಯ ರಾತ್ರಿ ರಸ್ತೆ ಬದಿಯ ಭತ್ತದ ರಾಶಿಯ ಮೇಲೆ ಅದೇ ಕೆಲಸ ಮಾಡಿದರೆ ಅದು ನಷ್ಟ. ಮೊದಲನೆಯವರು ಬರೆದದ್ದನ್ನು ಹಾಳೆ ತಯಾರಿಸುವವರು ಓದುತ್ತಾರೆ, ಮುಂದಿನ ವರ್ಷ ಹೊಲಿಗೆಯನ್ನು ಬದಲಿಸುತ್ತಾರೆ. ಎರಡನೆಯವರು ಕಂಡದ್ದು ಬೆಳಿಗ್ಗೆಯ ಪಂಚನಾಮೆಯಲ್ಲಿ ಮುಗಿಯುತ್ತದೆ. ಅದರಲ್ಲೂ ಎಷ್ಟು ಚೀಲ ನೆನೆಯಿತು ಎಂದು ಬರೆಯುತ್ತಾರೆಯೇ ಹೊರತು ಹಾಳೆ ಎಲ್ಲಿ ಹರಿಯಿತು ಎಂದು ಬರೆಯುವುದಿಲ್ಲ.

ಈ ವ್ಯತ್ಯಾಸ ನನ್ನ ತಲೆಗೆ ಹತ್ತಿದ್ದು ಬೆಂಗಳೂರಿನ ಗೆಳತಿಯೊಬ್ಬಳಿಂದ. ಅವಳು ವಾರಾಂತ್ಯದಲ್ಲಿ ಬೆಟ್ಟ ಹತ್ತುವವಳು. ಮರದಿಂದ ಮರಕ್ಕೆ ಜೋಲಿ ಕಟ್ಟಿ, ಅದರ ಮೇಲೆ ಮಾಡಿನಂತೆ ಒಂದು ಹಾಳೆ ಎಳೆದು, ಅಲ್ಲೇ ರಾತ್ರಿ ಕಳೆಯುತ್ತಾಳೆ. ಹೋದ ಬೇಸಿಗೆಯಲ್ಲಿ ಅಂಥ ಒಂದು ಹಾಳೆಯನ್ನು ನನಗೆ ಕಳಿಸಿದಳು. ಮೂರು ಮೀಟರ್ ಚೌಕ, ಸಿಲಿಕಾನ್ ಲೇಪಿಸಿದ ನೈಲಾನ್, ಹಗ್ಗವೂ ಸೇರಿ ಅರ್ಧ ಕಿಲೋದ ಆಸುಪಾಸು. ಮಡಚಿದರೆ ನೀರಿನ ಲೋಟದಷ್ಟು. ಜೊತೆಗೊಂದು ಚೀಟಿ: 'ನಿಮ್ಮ ಬಳ್ಳಾರಿ ಗಾಳಿಗೆ ಇದನ್ನು ಕಟ್ಟಿ ನೋಡು, ವರದಿ ಬರೆದು ಕಳಿಸು.'

ವಿಭಾಗದಲ್ಲಿ ನಾನು ತಾಡಪತ್ರಿ ಹಿಡಿದು ಓಡಾಡುತ್ತಿದ್ದೇನೆ ಎಂಬ ಸುದ್ದಿ ಹಬ್ಬಿದಾಗ ಹಿರಿಯರೊಬ್ಬರು ಸಂತೋಷದಿಂದ ಕೇಳಿದರು, ಯಾವ ಕಾಲದ್ದು, ಲಿಪಿ ಯಾವುದು ಎಂದು. ಅವರು ತಾಳೆಗರಿ ಎಂದುಕೊಂಡಿದ್ದರು. ತಪ್ಪೇನೂ ಇಲ್ಲ, ಹಡಗಿನವರು ಟಾರು ಬಳಿದ ಕ್ಯಾನ್ವಾಸಿಗೆ ಇಟ್ಟ ಇಂಗ್ಲಿಷ್ ಹೆಸರು ನಮ್ಮ ಬಾಯಲ್ಲಿ ತಾಡಪಾಲು, ತಾಡಪಲ್ಲು, ತಾಡಪತ್ರಿ ಎಂದೆಲ್ಲ ಆಗಿ, ಕೊನೆಗೆ ಗರಿಯ ಮೇಲೆ ಬರೆದ ಗ್ರಂಥದ ಪಕ್ಕ ಬಂದು ಕೂತಿದೆ. ಒಂದನ್ನು ಕಪಾಟಿನಲ್ಲಿಟ್ಟು ಕಾಯುತ್ತೇವೆ. ಇನ್ನೊಂದು ನಮ್ಮ ಅನ್ನವನ್ನು ಕಾಯುತ್ತದೆ, ಅದರ ಬಗ್ಗೆ ಮಾತ್ರ ನಮಗೆ ಒಂದು ಪುಟದ ಕುತೂಹಲವೂ ಇಲ್ಲ.

ಜೋಲಿಯ ವಿಷಯ ಮೊದಲು. ಅದು ಕೊಲಂಬಸನ ಕಾಲದಲ್ಲಿ ಕೆರಿಬಿಯನ್ ದ್ವೀಪಗಳ ತೈನೋ ಜನರಿಂದ ಯುರೋಪಿಗೆ ಹೋದ ವಸ್ತು ಎನ್ನುವುದು ಪುಸ್ತಕದ ಮಾತು. ನಮಗೆ ಜೋಲಿ ಎಂದರೆ ಹತ್ತಿ ಬಿಡಿಸುವ ಹೆಂಗಸರು ಬೇವಿನ ಕೊಂಬೆಗೆ ಹಳೆ ಸೀರೆ ಕಟ್ಟಿ ಮಗುವನ್ನು ಮಲಗಿಸುವುದು. ಅದಕ್ಕೂ ಮೇಲೊಂದು ಹಾಳೆ ಇರುತ್ತದೆ, ಬಿಸಿಲಿಗೆ ಒಂದು ಗೊಬ್ಬರದ ಚೀಲ ಬಿಚ್ಚಿ ಕಟ್ಟಿದ್ದು. ಆ ತಾಯಂದಿರು ಮೋಡ ಕವಿದ ಕೂಡಲೇ ಮಾಡುವ ಮೊದಲ ಕೆಲಸ ಜೋಲಿ ಬಿಚ್ಚುವುದು. ಬಯಲಲ್ಲಿ ಒಂಟಿ ಮರ, ಗುಡುಗು, ಮರಕ್ಕೆ ನೇತುಬಿದ್ದ ಮಗು: ಈ ಮೂರೂ ಒಟ್ಟಿಗಿರಬಾರದೆಂದು ಅವರಿಗೆ ಯಾವ ಆ್ಯಪೂ ಹೇಳಬೇಕಿಲ್ಲ. ಸಿಡಿಲಿನ ಮುನ್ಸೂಚನೆಗೆ ರಾಜ್ಯದ ವಿಪತ್ತು ನಿರ್ವಹಣಾ ಕೇಂದ್ರ 'ಸಿಡಿಲು' ಎಂಬ ಆ್ಯಪನ್ನೂ ಪುಣೆಯ ಸಂಸ್ಥೆ 'ದಾಮಿನಿ'ಯನ್ನೂ ಕೊಟ್ಟಿವೆ. ಒಳ್ಳೆಯದೇ. ಆದರೆ ಜೋಲಿ-ಹಾಳೆಯ ಮೋಹದಲ್ಲಿ ಬಿರುಮಳೆಗೆ ಮರದ ಕೆಳಗೆ ಮಲಗಿ ಅದನ್ನು ಸಾಹಸವೆಂದು ಬರೆಯುವವರಿಗೆ ನಾನು ಹೇಳುವುದು ಇಷ್ಟೇ, ಸಿಡಿಲಿರುವಾಗ ಮರಕ್ಕೆ ಕಟ್ಟಿದ ಹಾಸಿಗೆಯಲ್ಲಿ ಮಲಗುವುದು ಹಾಳೆಯ ಪರೀಕ್ಷೆಯಲ್ಲ.

ಹಾಗಾಗಿ ಕುರುಗೋಡಿನಲ್ಲಿ ಕಟ್ಟಿದ ಜೋಲಿಯಲ್ಲಿ ನಾನು ಮಲಗಲಿಲ್ಲ. ನನ್ನ ಬದಲು ಐವತ್ತು ಕಿಲೋದ ಒಂದು ಚೀಲ ಮಲಗಿತ್ತು. ನಾನು ಗುಡ್ಡದ ಬುಡದ ಕಲ್ಲುಮಂಟಪದಲ್ಲಿ ಕೂತು ನೋಡಿದೆ. ದೊಡ್ಡಬಸವೇಶ್ವರನ ಊರು ಅದು, ಸಿಂದರು ಆಳಿದ್ದು. ಸುತ್ತ ಕಲ್ಲಿನ ಗುಡ್ಡಗಳು, ಕೆಳಗೆ ಮೆಣಸಿನಕಾಯಿ, ಹತ್ತಿ, ಭತ್ತ. ಕಟ್ಟಲು ಎರಡು ಮರ ಬೇಕಲ್ಲ? ಒಂದು ಬೇವು ಸಿಕ್ಕಿತು. ಇನ್ನೊಂದು ಜಾಲಿ. ಕರ್ನಾಟಕದ ಉಳಿದೆಡೆ ಯಾವುದನ್ನು ಬಳ್ಳಾರಿ ಜಾಲಿ ಎಂದು ಕರೆಯುತ್ತಾರೋ ಅದೇ. ಅದೂ ಜೋಲಿಯ ಹಾಗೆ ಅಮೆರಿಕ ಖಂಡದಿಂದಲೇ ಬಂದದ್ದು, ಆದರೆ ನಮ್ಮ ಊರಿನ ಹೆಸರು ಹೊತ್ತುಕೊಂಡು ತಿರುಗುತ್ತಿದೆ. ಅದರ ಮುಳ್ಳಿಗೆ ಅರ್ಧ ಕಿಲೋದ ನೈಲಾನು ಎಂದರೆ ತಮಾಷೆ.

ನಮ್ಮ ಕಡೆಯ ಮುಂಗಾರು ಪೂರ್ವದ ಮಳೆ ಹೇಗೆ ಬರುತ್ತದೆಂದು ಮಲೆನಾಡಿನ ಓದುಗರಿಗೆ ಹೇಳಬೇಕು. ನೀವು ಬಲ್ಲ ಮಳೆ ಮೊದಲು ಬಂದು ಆಮೇಲೆ ಗಾಳಿ ತರುತ್ತದೆ. ನಮ್ಮದು ಮೊದಲು ಗಾಳಿ. ಮಧ್ಯಾಹ್ನವೆಲ್ಲ ನಲವತ್ತು ಡಿಗ್ರಿ ಕಾದ ಮೇಲೆ ಮೋಡ ಗೋಪುರದಂತೆ ಏಳುತ್ತದೆ. ಅದರೊಳಗಿನ ತಣ್ಣನೆಯ ಗಾಳಿ ಕೆಳಗೆ ಕುಸಿದು, ನೆಲಕ್ಕೆ ಬಡಿದು, ಸುತ್ತಲೂ ಹರಡುತ್ತದೆ. ಮಳೆ ಇನ್ನೂ ದೂರವಿರುತ್ತದೆ, ಕೆಂಪು ಧೂಳಿನ ಗೋಡೆ ಮಾತ್ರ ಎದುರಿಗೆ ಬರುತ್ತದೆ. ಅದು ಬರುವ ದಿಕ್ಕು ಒಂದು, ಹತ್ತು ನಿಮಿಷದ ನಂತರದ ದಿಕ್ಕು ಇನ್ನೊಂದು. ಹಾಳೆಯ ಸೋಲು ಗೆಲುವು ತೀರ್ಮಾನವಾಗುವುದು ಈ ಹತ್ತು ನಿಮಿಷಗಳಲ್ಲಿ, ಒಂದು ಹನಿ ಬೀಳುವ ಮೊದಲು.

ಗೆಳತಿಯ ಹಾಳೆಯ ಪೊಟ್ಟಣದ ಮೇಲೆ 3000 ಮಿ.ಮೀ. ಎಂದು ಬರೆದಿತ್ತು. ಮೂರು ಮೀಟರ್ ಎತ್ತರದ ನೀರಿನ ಕಂಬವನ್ನು ಅದರ ಮೇಲೆ ನಿಲ್ಲಿಸಿದರೂ ಒಳಗೆ ಜಿನುಗುವುದಿಲ್ಲ ಎಂದು ಅರ್ಥ. ಬಹಳ ಸಂತೋಷ. ಕುರುಗೋಡಿನಲ್ಲಿ ಆ ಸಂಖ್ಯೆ ಕೆಲಸಕ್ಕೇ ಬರಲಿಲ್ಲ. ಧೂಳು ಬಂದ ಕೂಡಲೇ ಹಾಳೆ ಹೊಟ್ಟೆಯುಬ್ಬಿಸಿತು, ಗಾಳಿಯ ಕಡೆಯ ಎರಡು ಗೂಟಗಳು ಮಸಾರಿ ನೆಲದಿಂದ ಹಲ್ಲು ಕಿತ್ತಂತೆ ಬಂದವು, ಉಳಿದ ಅಂಚು ಜಾಲಿಗೆ ಬಡಿದು ಬಡಿದು ಜರಡಿಯಾಯಿತು. ಆಮೇಲೆ ಬಿದ್ದ ಮಳೆ ಮೇಲಿಂದ ಬೀಳಲಿಲ್ಲ, ಅಡ್ಡಕ್ಕೆ ಬಂತು. ಚೀಲ ನೆನೆಯಿತು. ಬಟ್ಟೆ ಹರಿಯಲಿಲ್ಲ ಎನ್ನುವುದನ್ನೂ ಹೇಳಬೇಕು, ನೆನೆದ ನೈಲಾನು ಜೋತುಬಿತ್ತೇ ವಿನಾ ಸೀಳಲಿಲ್ಲ. ಬಟ್ಟೆಗೆ ಪೂರಾ ಅಂಕ ಕೊಡಬಹುದು. ಕಟ್ಟಿದ್ದಕ್ಕೆ ಸೊನ್ನೆ.

ನಾನು ಜಗಳ ತೆಗೆಯಬೇಕೆಂದಿರುವುದು ಈ ಜಾಗದಲ್ಲಿಯೇ. ನಮ್ಮಲ್ಲಿ ಹಾಳೆಯನ್ನು ಅಳೆಯುವವರೆಲ್ಲ ಬಟ್ಟೆಯನ್ನು ಅಳೆಯುತ್ತಾರೆ. ಗಾಳಿಯನ್ನು ಅಳೆಯುವುದಿಲ್ಲ, ಗಂಟನ್ನು ಅಳೆಯುವುದಿಲ್ಲ.

ಚಾರಣದ ಹಾಳೆಯದು ಹವ್ಯಾಸದ ಮಾತು, ಬಿಡಿ. ರೈತರಿಗೆ ಕೃಷಿ ಇಲಾಖೆ ಸಹಾಯಧನದಲ್ಲಿ ಕೊಡುವ ಕಪ್ಪು ತಾಡಪತ್ರಿಯನ್ನು ನೋಡಿ. ಎಂಟು ಮೀಟರ್ ಉದ್ದ, ಆರು ಮೀಟರ್ ಅಗಲ. ಅದು ಬಂದಿದೆ ಎಂಬ ಪ್ರಕಟಣೆಯಲ್ಲಿ ಅಳತೆ ಇರುತ್ತದೆ, ಎಷ್ಟು ಸಹಾಯಧನ ಎಂದಿರುತ್ತದೆ, ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ತರಬೇಕೆಂದಿರುತ್ತದೆ. ಎಷ್ಟು ಗಾಳಿಗೆ ನಿಲ್ಲುತ್ತದೆ ಎಂದು ನಾನು ನೋಡಿದ ಒಂದು ಪ್ರಕಟಣೆಯಲ್ಲೂ ಇರಲಿಲ್ಲ. ಅಂಗಡಿಯವರೂ ಕೊಳ್ಳುವವರೂ ಆಡುವ ಒಂದೇ ಮಾತು ಜಿಎಸ್‌ಎಂ, ಅಂದರೆ ಒಂದು ಚದರ ಮೀಟರ್ ಬಟ್ಟೆಯ ತೂಕ ಎಷ್ಟು ಗ್ರಾಂ ಎಂಬುದು. 250 ಜಿಎಸ್‌ಎಂ ಆದರೆ ಎಂಟು-ಆರರ ಹಾಳೆ ಹನ್ನೆರಡು ಕಿಲೋ ತೂಗುತ್ತದೆ. ಭಾರತೀಯ ಮಾನಕ ಬ್ಯೂರೋ ಹೆಣೆದ ಪಾಲಿಥೀನ್ ತಾಡಪತ್ರಿಗಳಿಗೆಂದೇ ಐಎಸ್ 7903 ಎಂಬ ಮಾನದಂಡವನ್ನೂ ಇಟ್ಟಿದೆ. ಮಾನದಂಡ ಇರುವುದು ಒಳ್ಳೆಯದೇ. ಆದರೆ ಪ್ರಯೋಗಾಲಯದಲ್ಲಿ ಯಂತ್ರ ಎರಡು ಕಡೆ ಹಿಡಿದು ಎಳೆಯುವ ತುಂಡು ಬಟ್ಟೆ ಬೇರೆ, ತೆಕ್ಕಲಕೋಟೆ ರಸ್ತೆಯಲ್ಲಿ ರಾತ್ರಿ ಒಂಬತ್ತಕ್ಕೆ ಪಟಪಟ ಬಡಿದುಕೊಳ್ಳುವ ನಲವತ್ತೆಂಟು ಚದರ ಮೀಟರ್ ಬೇರೆ.

ಲೆಕ್ಕ ಕಷ್ಟದ್ದಲ್ಲ, ಪಿಯುಸಿಯ ಭೌತಶಾಸ್ತ್ರ. ಗಾಳಿಯ ಒತ್ತಡ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಗಂಟೆಗೆ 40 ಕಿ.ಮೀ. ಗಾಳಿ ಎದುರಿಗಿರುವ ಒಂದು ಚದರ ಮೀಟರಿನ ಮೇಲೆ ಏಳೆಂಟು ಕಿಲೋ ಭಾರದಷ್ಟು ಒತ್ತುತ್ತದೆ. ವೇಗ ಎರಡು ಪಟ್ಟಾಗಿ 80 ಆದರೆ ಒತ್ತಡ ಎರಡು ಪಟ್ಟಲ್ಲ, ನಾಲ್ಕು ಪಟ್ಟು, ಸುಮಾರು ಮೂವತ್ತು ಕಿಲೋ. ಹವಾಮಾನ ಇಲಾಖೆಯ ಎಚ್ಚರಿಕೆಗಳಲ್ಲಿ ಪದೇ ಪದೇ ಬರುವ 60 ಕಿ.ಮೀ. ವೇಗವನ್ನೇ ಹಿಡಿಯೋಣ. ಗೆಳತಿಯ ಹಾಳೆಗೆ ಅದು ನೇರ ತಾಗಿದರೆ ನೂರೈವತ್ತು ಕಿಲೋ. ಎಂಟು-ಆರರ ಹಾಳೆಗೆ ಎಂಟುನೂರು ಕಿಲೋ ದಾಟುತ್ತದೆ. ಈ ಭಾರವನ್ನು ಹಾಳೆ ಎಲ್ಲಿಗೆ ಸಾಗಿಸಬೇಕು? ಅಂಚಿನಲ್ಲಿ ಮೀಟರಿಗೊಂದರಂತೆ ಒತ್ತಿದ ಅಲ್ಯೂಮಿನಿಯಂ ರಿಂಗುಗಳಿಗೆ. ಗಾಳಿಯ ಕಡೆಯ ಐದಾರು ರಿಂಗುಗಳೇ ಹೆಚ್ಚಿನದನ್ನು ಹೊರಬೇಕು. ಅವು ಒಂದೊಂದಾಗಿ ಕಿತ್ತುಬರುತ್ತವೆ. ಒಂದು ಹೋದರೆ ಅದರ ಪಾಲು ಪಕ್ಕದ್ದಕ್ಕೆ. ಬೆಳಿಗ್ಗೆ ನೋಡಿದರೆ ಹಾಳೆಯ ನಡುಭಾಗ ಹೊಸದರಂತಿರುತ್ತದೆ, ಅಂಚು ಮಾತ್ರ ಇಲಿ ಕಚ್ಚಿದಂತೆ. ಜಿಎಸ್‌ಎಂ ಎಷ್ಟಿದ್ದರೇನು?

ಸಿರುಗುಪ್ಪದಲ್ಲಿ ನನ್ನ ಸೋದರಮಾವನ ಭತ್ತ ಇತ್ತು. ಚಾರಣದ ಹಾಳೆಯನ್ನು ಅಲ್ಲಿಗೂ ಒಯ್ದೆ. ಮಾವ ಅದನ್ನು ಎರಡು ಬೆರಳಲ್ಲಿ ಎತ್ತಿ ನೋಡಿ, "ಇದು ಕರ್ಚೀಪು ಆತಲ್ಲವ್ವಾ, ತಾಡಪತ್ರಿ ಎಲ್ಲೈತಿ?" ಎಂದ. ಒಂದು ಸಣ್ಣ ರಾಶಿಯನ್ನು ಅದಕ್ಕೇ ಬಿಟ್ಟುಕೊಟ್ಟ. ದೊಡ್ಡ ರಾಶಿಗೆ ತನ್ನ ಕಪ್ಪು ಹಾಳೆ. ಎರಡನ್ನೂ ಕಟ್ಟಿದ್ದು ಅತ್ತೆ.

ಅವಳು ರಿಂಗನ್ನು ಮುಟ್ಟಲೇ ಇಲ್ಲ. ಅಂಚಿನಿಂದ ಒಂದು ಗೇಣು ಒಳಗೆ, ಹಾಳೆಯ ಕೆಳಗಿನಿಂದ ನಿಂಬೆಹಣ್ಣಿನ ಗಾತ್ರದ ನುಣ್ಣನೆಯ ಕಲ್ಲನ್ನು ಒತ್ತಿ, ಬಟ್ಟೆಯನ್ನು ಅದರ ಸುತ್ತ ಚೀಲದ ಬಾಯಿಯಂತೆ ಹಿಡಿದು, ಆ ಕುತ್ತಿಗೆಗೆ ಹಗ್ಗ ಬಿಗಿದಳು. "ರಿಂಗಿಗೆ ಕಟ್ಟಿದ್ರ ರಿಂಗು ಹೋಗ್ತೈತಿ. ಹಾಳಿಗೇ ಕಟ್ಟಿದ್ರ ಹಾಳಿ ಹಿಡಿತೈತಿ" ಎಂದಳು. ಎಳೆತ ಒಂದು ತೂತಿನ ಅಂಚಿನ ಮೇಲೆ ಬೀಳದೆ ಕಲ್ಲಿನ ಸುತ್ತಳತೆಗೆಲ್ಲ ಹಂಚಿಹೋಗುತ್ತದೆ. ಗೂಟ ಹೊಡೆಯಲಿಲ್ಲ. ಅಲ್ಲಿ ಎರೆ ಭೂಮಿ: ಒಣಗಿದಾಗ ಬಿರುಕು, ನೆನೆದಾಗ ಬೆಣ್ಣೆ, ಎರಡರಲ್ಲೂ ಗೂಟ ನಿಲ್ಲುವುದಿಲ್ಲ. ಸಿಮೆಂಟ್ ಚೀಲಕ್ಕೆ ಮರಳು ತುಂಬಿ ಹಗ್ಗದ ತುದಿಗೆ ಕಟ್ಟಿದರು, ರಾಶಿಯ ಮೇಲೆ ಹಳೆಯ ಟೈರುಗಳು, ಅಡ್ಡಡ್ಡ ಹಗ್ಗ. ಗಾಳಿಯ ಹಿಂಬದಿಯಲ್ಲಿ ಒಂದು ಕಡೆ ಗೇಣುದ್ದ ತೆರೆದು ಬಿಟ್ಟರು. ಮಳೆ ಬರುವಾಗ ಯಾಕೆ ತೆರೆದಿರಿ ಎಂದು ಕೇಳಿದ್ದಕ್ಕೆ ಮಾವ, "ಗಾಳಿ ಒಳಗ ಬಂತಂದ್ರ ಹೊರಗ ಹೋಗಾಕ ದಾರಿ ಇರ್ಬೇಕು. ಇಲ್ಲಂದ್ರ ರಾಶಿ ಬಿಟ್ಟು ಹಾಳಿ ಎತ್ಕೊಂಡು ಹೋಗ್ತೈತಿ" ಎಂದ. ಆ ರಾತ್ರಿ ಎರಡೂ ಹಾಳೆ ನಿಂತವು. ಕರ್ಚೀಪು ಕೂಡ.

ನಾನಿದನ್ನು ಗ್ರಾಮೀಣ ಜಾಣ್ಮೆಯ ಮೆಚ್ಚುಗೆಗೆಂದು ಬರೆಯುತ್ತಿಲ್ಲ. ಆ ಮೆಚ್ಚುಗೆ ನಮ್ಮ ವಿಭಾಗಗಳಲ್ಲಿ ಬೇಕಾದಷ್ಟಿದೆ. ಭರಣಿ ಮಳೆಯ ಗಾದೆ, ರೋಹಿಣಿ ಮಳೆಯ ಗಾದೆ, ಮೃಗಶಿರೆಯ ಗಾದೆ ಎಂದು ಸಂಗ್ರಹಿಸಿ, ವರ್ಗೀಕರಿಸಿ, ಅನುಬಂಧ ಮಾಡಿರುವ ಮಹಾಪ್ರಬಂಧಗಳನ್ನು ನಾನೇ ಸಾಕಷ್ಟು ಓದಿದ್ದೇನೆ. ಒಂದರಲ್ಲೂ ಒಂದು ಗಂಟಿನ ಚಿತ್ರ ನೋಡಲಿಲ್ಲ. ಗಾದೆ ಬಾಯಿಂದ ಬರುತ್ತದೆ, ಆದ್ದರಿಂದ ಅದು ಸಾಹಿತ್ಯ. ಗಂಟು ಕೈಯಿಂದ ಬರುತ್ತದೆ, ಆದ್ದರಿಂದ ಅದು ಕೂಲಿ. ಕುರುಬರ ಕಂಬಳಿಗೆ ಹುಣಸೆ ಬೀಜದ ಗಂಜಿ ಕುಡಿಸಿ ಬಿರುಸುಗೊಳಿಸುತ್ತಾರೆ ಎಂದು ಎಲ್ಲರೂ ಬರೆಯುತ್ತಾರೆ. ಅದೇ ಕಂಬಳಿಯನ್ನು ಕೊಪ್ಪೆ ಮಾಡಿ ಹೊದ್ದು ಗಾಳಿಗೆ ಬೆನ್ನು ಕೊಟ್ಟು ಕುಕ್ಕರುಗಾಲಲ್ಲಿ ಕೂತರೆ ಎಷ್ಟು ಹೊತ್ತು ಒಣಗಿರಬಹುದು ಎಂದು ಕೇಳಿದವರು ಎಷ್ಟು ಜನ? ಬಳ್ಳಾರಿ ಕಡೆ ತೆಲುಗನ್ನೂ ಓದುವವರಿಗೆ ಪಾಲಗುಮ್ಮಿ ಪದ್ಮರಾಜು ಅವರ 'ಗಾಲಿವಾನ' ಗೊತ್ತಿರುತ್ತದೆ. 1952ರಲ್ಲಿ ಅಂತಾರಾಷ್ಟ್ರೀಯ ಕಥಾಸ್ಪರ್ಧೆಯಲ್ಲಿ ಎರಡನೇ ಬಹುಮಾನ ಪಡೆದ ಕತೆ. ಒಬ್ಬ ನೇಮನಿಷ್ಠೆಯ ಮನುಷ್ಯನ ನಂಬಿಕೆಗಳನ್ನು ಬಿರುಗಾಳಿ ಒಂದೇ ರಾತ್ರಿಯಲ್ಲಿ ಅಲ್ಲಾಡಿಸುತ್ತದೆ. ದೊಡ್ಡ ಕತೆ, ನನಗೂ ಇಷ್ಟ. ಆದರೆ ಸಾಹಿತ್ಯದಲ್ಲಿ ಬಿರುಗಾಳಿ ಯಾವಾಗಲೂ ಯಾರದೋ ಅಂತರಂಗಕ್ಕೇ ಬೀಸಬೇಕೇ? ಮಾಡು ಕಟ್ಟಿದವರ ಕಡೆಗೂ ಒಮ್ಮೆ ಬೀಸಲಿ.

ಇಷ್ಟೆಲ್ಲ ಜಾಣ್ಮೆಯಿರುವಾಗ ಸಮಸ್ಯೆ ಎಲ್ಲಿದೆ ಎಂದು ಕೇಳುವವರಿದ್ದಾರೆ. ರೈತರಿಗೆ ಗೊತ್ತು, ಅವರನ್ನು ಅವರ ಪಾಡಿಗೆ ಬಿಡಿ ಎನ್ನುವವರು. ಈ ಮಾತು ಗೌರವದಂತೆ ಕೇಳಿಸುತ್ತದೆ, ನಿಜದಲ್ಲಿ ಜಾರಿಕೊಳ್ಳುವ ದಾರಿ. ಅತ್ತೆಗೆ ಆ ಗಂಟು ಹುಟ್ಟಿನಿಂದ ಬಂದದ್ದಲ್ಲ. ಮೂರು ವರ್ಷ ಭತ್ತ ನೆನೆಸಿಕೊಂಡು ಕಲಿತದ್ದು ಎಂದು ಅವಳೇ ಹೇಳಿದಳು. ಪರೀಕ್ಷೆಯ ಶುಲ್ಕವನ್ನು ಭತ್ತದಲ್ಲಿ ಕಟ್ಟಿದಳು. ಈಗ ಅವಳಿಗೆ ಗೊತ್ತಿರುವುದು ಪಕ್ಕದೂರಿನವರಿಗೆ ಗೊತ್ತಿಲ್ಲ, ಅವರು ತಮ್ಮ ಶುಲ್ಕ ತಾವೇ ಕಟ್ಟುತ್ತಿದ್ದಾರೆ. ಇದನ್ನು ಜ್ಞಾನಪರಂಪರೆ ಎಂದು ಕರೆದರೆ ನನಗೆ ಸಿಟ್ಟು ಬರುತ್ತದೆ.

ಇನ್ನೊಂದು ಸಂಗತಿ. ತಾಡಪತ್ರಿಯ ಮೇಲಿನ ಈ ಅವಲಂಬನೆ ಹಳೆಯದೂ ಅಲ್ಲ. ಕೈಯಲ್ಲಿ ಕೊಯ್ದು ಕಂತೆ ಕಟ್ಟುತ್ತಿದ್ದ ಕಾಲದಲ್ಲಿ ಭತ್ತ ಮೊದಲು ಬಣವೆಯಾಗುತ್ತಿತ್ತು. ತೆನೆ ಒಳಗೆ, ಹುಲ್ಲಿನ ಬುಡ ಹೊರಗೆ, ಮೇಲೆ ಇಳಿಜಾರು. ಮಳೆ ಬಿದ್ದರೆ ಹುಲ್ಲಿನ ಮೇಲೆ ಜಾರಿ ಹೊರಗೆ ಹೋಗುತ್ತಿತ್ತು, ಗಾಳಿ ಬಂದರೆ ಎತ್ತಲು ಹಾಳೆಯೇ ಇರಲಿಲ್ಲ. ಒಳಗಿನ ಕಾಳು ನಿಧಾನವಾಗಿ ಒಣಗುತ್ತಿತ್ತು. ಬೇಕಾದಾಗ ಕಣ ಮಾಡಿ ಒಕ್ಕುತ್ತಿದ್ದರು. ಈಗ ಕೊಯ್ಲಿನ ಯಂತ್ರ ಬರುತ್ತದೆ, ಒಂದು ಎಕರೆಯನ್ನು ಗಂಟೆಯೊಳಗೆ ಮುಗಿಸುತ್ತದೆ, ಹಸಿ ಕಾಳನ್ನು ಸುರಿದು ಹೋಗುತ್ತದೆ. ಸರಕಾರಿ ಖರೀದಿಗೆ ಭತ್ತದ ತೇವಾಂಶ ಶೇಕಡಾ 17 ಮೀರಬಾರದು. ಯಂತ್ರದಿಂದ ಬೀಳುವ ಕಾಳಿನಲ್ಲಿ ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚಿರುತ್ತದೆ. ಆ ಉಳಿದ ನೀರನ್ನು ಎಲ್ಲಿ ಆರಿಸಬೇಕು? ಕಣ ಹೋಗಿದೆ, ಎತ್ತೂ ಹೋಗಿದೆ. ಉಳಿದದ್ದು ಡಾಂಬರು ರಸ್ತೆ. ಹಗಲು ಹರವಬೇಕು, ಸಂಜೆ ರಾಶಿ ಮಾಡಿ ಮುಚ್ಚಬೇಕು, ಮುಚ್ಚಿದ್ದು ಕಾವೇರಿ ಬಣ್ಣಗೆಡದಂತೆ ನಡುರಾತ್ರಿ ಎದ್ದು ತೆರೆಯಬೇಕು. ಎರಡನೇ ಬೆಳೆಯ ಕೊಯ್ಲು ಬರುವುದು ಏಪ್ರಿಲ್-ಮೇ, ಅಂದರೆ ಸರಿಯಾಗಿ ಧೂಳಿನ ಗೋಡೆಯ ಕಾಲ. ಮೊದಲ ಬೆಳೆಯದು ನವೆಂಬರ್-ಡಿಸೆಂಬರ್, ಆಗ ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಎದ್ದರೆ ಇಲ್ಲಿ ಮೋಡ.

ಹಾಗಾಗಿ ತಾಡಪತ್ರಿ ಎನ್ನುವುದು ಕೊಯ್ಲಿನ ಯಂತ್ರದ ಉಳಿದರ್ಧ. ಯಂತ್ರದ ಮೊದಲರ್ಧಕ್ಕೆ ಇಂಜಿನಿಯರುಗಳಿದ್ದಾರೆ, ಸಾಲವಿದೆ, ಬಿಡಿಭಾಗದ ಅಂಗಡಿಯಿದೆ. ಉಳಿದರ್ಧವನ್ನು ಅತ್ತೆಯ ಕೈಗೆ ಕೊಟ್ಟು, ಒಂದು ನಿಂಬೆಗಾತ್ರದ ಕಲ್ಲು ಹುಡುಕಿಕೋ ಎಂದಿದ್ದೇವೆ.

ವಿಮೆ ಇದೆಯಲ್ಲ ಎನ್ನಬಹುದು. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಕೊಯ್ಲಿನ ನಂತರದ ನಷ್ಟಕ್ಕೂ ಅವಕಾಶವಿದೆ, 14 ದಿನಗಳವರೆಗೆ, ಕೊಯ್ದು ಹೊಲದಲ್ಲೇ ಒಣಗಲು ಬಿಟ್ಟ ಬೆಳೆಗೆ. ಹೊಲದಲ್ಲೇ ಎಂಬ ಪದವನ್ನು ಇನ್ನೊಮ್ಮೆ ಓದಿ. ನಿಯಮ ಬರೆದವರ ಕಣ್ಣ ಮುಂದೆ ಕೈಕೊಯ್ಲಿನ ಕಂತೆಗಳಿದ್ದಿರಬೇಕು. ಯಂತ್ರದಲ್ಲಿ ಒಕ್ಕಿ, ರಸ್ತೆ ಬದಿಯಲ್ಲಿ ಹಾಳೆಯ ಕೆಳಗೆ ಮಲಗಿದ ರಾಶಿ ಆ ವಾಕ್ಯದೊಳಗೆ ಸಲೀಸಾಗಿ ಹೋಗಿ ಕೂರುವುದಿಲ್ಲ.

ಕುರುಗೋಡಿನ ಮೆಣಸಿನಕಾಯಿಯದು ಬೇರೆ ಪಾಡು. ಭತ್ತ ನೆನೆದರೆ ಬೆಲೆ ಇಳಿಯುತ್ತದೆ, ಮೆಣಸಿನಕಾಯಿ ನೆನೆದರೆ ಬಣ್ಣ ಹೋಗಿ ಬೂಸು ಹಿಡಿಯುತ್ತದೆ, ಬ್ಯಾಡಗಿವರೆಗೆ ಹೊತ್ತೊಯ್ದ ಬಾಡಿಗೆಯೂ ಹುಟ್ಟುವುದಿಲ್ಲ. ಅದನ್ನು ಬಿಗಿಯಾಗಿ ಮುಚ್ಚುವಂತಿಲ್ಲ, ಬೆವರುತ್ತದೆ. ಬೆವರಲು ಬಿಡದ, ಗಾಳಿಗೆ ಏಳದ, ಅಡ್ಡಮಳೆಗೆ ಸೋರದ ಹೊದಿಕೆ ಬೇಕು. ಚಾರಣದವರೂ ತಮ್ಮ ಹಾಳೆಯಿಂದ ಇದೇ ಮೂರನ್ನು ಬೇಡುತ್ತಾರೆ. ಅವರಿಗೆ ಅದನ್ನು ಮಾಡಿಕೊಡುವವರಿದ್ದಾರೆ.

ಬಳ್ಳಾರಿ ನಗರದ ಅಂಚಿಗೆ ಬಂದರೆ ಹಾಳೆ ಬೆಳೆಯ ಮೇಲಿನ ಹೊದಿಕೆಯೂ ಅಲ್ಲ, ಮನೆ. ನೀಲಿ ಹಾಳೆ, ಬಿದಿರು, ಮೇಲೆ ಕಲ್ಲು. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದ ನೆರೆಯಲ್ಲಿ ಸಿರುಗುಪ್ಪದ ಹಳ್ಳಿಗಳಿಗೆ ತುಂಗಭದ್ರೆಯೂ ವೇದಾವತಿಯೂ ನುಗ್ಗಿದಾಗಲೂ ಜನ ಮೊದಲು ಕೇಳಿದ ವಸ್ತುಗಳಲ್ಲಿ ಹಾಳೆ ಒಂದು. ಹೊರಗಿನ ಜಗತ್ತು ಇದನ್ನು ಕಲಿತಿದೆ. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ, ರೆಡ್‌ಕ್ರಾಸ್ ಮೊದಲಾದವು ಹಂಚುವ ಹಾಳೆಗೆ ಉದ್ದಕ್ಕೂ ಬಲಪಡಿಸಿದ ಪಟ್ಟಿಗಳಿರುತ್ತವೆ, ಹರಿಯುವುದು ಎಲ್ಲಿ ಎಂದು ನೋಡಿ ಅಲ್ಲಿಗೇ ಬಲ ಕೊಟ್ಟದ್ದು. ಹಾಳೆಯನ್ನು ಹೇಗೆ ಕಟ್ಟಬೇಕೆಂದು ಅವರು ಪುಸ್ತಕವನ್ನೇ ಮಾಡಿದ್ದಾರೆ.

'ಹಗುರ' ಎಂಬ ಪದವನ್ನು ಇಲ್ಲಿ ಸ್ವಲ್ಪ ಹಿಡಿದುಕೊಳ್ಳಬೇಕು. ಗೆಳತಿಯ ಲೋಕದಲ್ಲಿ ಹಗುರ ಎಂದರೆ ಪ್ರಗತಿ. ನೂರು ಗ್ರಾಂ ಇಳಿದರೆ ಬೆಲೆ ಸಾವಿರ ಏರುತ್ತದೆ. ಅದು ಹೊರುವವರ ನ್ಯಾಯ, ಸರಿಯಾದದ್ದೇ. ಹನ್ನೆರಡು ಕಿಲೋದ ಹಾಳೆಯನ್ನು ಗಾಳಿಯಲ್ಲಿ ಒಬ್ಬಳೇ ಎಳೆಯಬೇಕಾದ ಹೆಂಗಸಿಗೂ ಹಗುರ ಬೇಕು, ಅದನ್ನು ನಾನು ಅತ್ತೆಯ ಭುಜ ನೋಡಿ ಬಲ್ಲೆ. ಆದರೆ ನಮ್ಮ ಕಡೆಯ ಅಂಗಡಿಗಳಲ್ಲಿ ಹಗುರ ಎಂದರೆ ಅಗ್ಗ, ಮತ್ತು ಕಚೇರಿಗಳಲ್ಲಿ ಹಗುರ ಎಂದರೆ ತಾತ್ಸಾರ. ಹಾಳೆ ತಾನೇ, ಹೋದರೆ ಇನ್ನೊಂದು. ಬಳ್ಳಾರಿಯ ಬಿಸಿಲಿಗೆ ಪಾಲಿಥೀನು ಎರಡು ಬೇಸಿಗೆಯಲ್ಲಿ ಪುಡಿಯಾಗುತ್ತದೆ, ಆ ಪುಡಿ ಹೊಲದ ಮಣ್ಣಿಗೆ ಸೇರುತ್ತದೆ, ರೈತ ಮತ್ತೆ ಸಾಲಿನಲ್ಲಿ ನಿಲ್ಲುತ್ತಾನೆ.

ಹಾಳೆ ಬೇಡ, ಊರೂರಿಗೆ ಒಕ್ಕಲು ಕಣ, ಗೋದಾಮು, ಒಣಗಿಸುವ ಯಂತ್ರ ಬೇಕು ಎನ್ನುವ ಗೆಳೆಯರಿದ್ದಾರೆ, ಸಂಘಟನೆಗಳಲ್ಲಿರುವವರು. ಅವರ ಬೇಡಿಕೆಗೆ ನನ್ನ ಸಹಿಯೂ ಇದೆ. ಆದರೆ ಕಣದ ಮೇಲೂ ಸಂಜೆಗೆ ಹಾಳೆ ಮುಚ್ಚಬೇಕಾಗುತ್ತದೆ. ದೊಡ್ಡ ಬೇಡಿಕೆಯ ನೆರಳಿನಲ್ಲಿ ಸಣ್ಣದನ್ನು ಕೇಳದೆ ಬಿಟ್ಟರೆ ಎರಡೂ ಸಿಗುವುದಿಲ್ಲ ಎಂಬುದಕ್ಕೆ ನಮ್ಮ ಜಿಲ್ಲೆಯ ರೈತರಿಗೆ ಉದಾಹರಣೆ ಬೇಕಿಲ್ಲ, ಮೆಣಸಿನಕಾಯಿ ಮಾರುಕಟ್ಟೆ ಎಂದರೆ ಸಾಕು.

ನಾನು ಕೇಳುತ್ತಿರುವುದು ದೊಡ್ಡದೇನಲ್ಲ. ಸಿರುಗುಪ್ಪದಲ್ಲಿ ಕೃಷಿ ಸಂಶೋಧನಾ ಕೇಂದ್ರವಿದೆ. ಬಳ್ಳಾರಿಯಲ್ಲಿ 1954ರಿಂದ ಮಣ್ಣು ಮತ್ತು ನೀರಿನ ಸಂರಕ್ಷಣೆಯ ಕೇಂದ್ರವಿದೆ. ರಾಜ್ಯದ ವಿಪತ್ತು ನಿರ್ವಹಣಾ ಕೇಂದ್ರ ಹೋಬಳಿ ಮಟ್ಟದಲ್ಲಿ ನಿಲ್ಲಿಸಿರುವ ಹವಾಮಾನ ಕಂಬಗಳು ಗಾಳಿಯ ವೇಗವನ್ನು ಅಳೆಯುತ್ತಲೇ ಇವೆ. ಗಾಳಿ ಇದೆ, ಅಳತೆ ಇದೆ, ವಿಜ್ಞಾನಿಗಳಿದ್ದಾರೆ. ಟೆಂಡರಿಗೆ ಬಂದ ಪ್ರತಿ ಹಾಳೆಯನ್ನೂ ಒಂದು ಏಪ್ರಿಲ್‌ನಿಂದ ಮೇ ಕೊನೆಯವರೆಗೆ ಬಯಲಲ್ಲಿ, ನಿಜವಾದ ರಾಶಿಯ ಮೇಲೆ ಕಟ್ಟಲಿ. ಕಟ್ಟುವವರು ಇಲಾಖೆಯವರಲ್ಲ, ದಿನಗೂಲಿಗೆ ಅತ್ತೆಯಂಥವರು. ಪ್ರಬಂಧದಲ್ಲಿ ಮಾಹಿತಿದಾರರು ಎಂದಲ್ಲ, ಪರೀಕ್ಷಕರು ಎಂದೇ ಅವರ ಹೆಸರು ಬರಲಿ. ಯಾವ ರಿಂಗು ಎಷ್ಟು ಗಾಳಿಗೆ ಕಿತ್ತಿತು ಎಂದು ಬರೆಯಲಿ. ಬರೆದದ್ದನ್ನು ಹಾಳೆಯ ಮೂಲೆಯಲ್ಲೇ ಅಳಿಸದ ಶಾಯಿಯಲ್ಲಿ ಕನ್ನಡದಲ್ಲಿ ಅಚ್ಚು ಹಾಕಲಿ: ಇಷ್ಟು ಕಡೆ ಕಟ್ಟಿದರೆ ಇಷ್ಟು ವೇಗದ ಗಾಳಿಗೆ ನಿಲ್ಲುತ್ತದೆ, ಇಷ್ಟು ಬೇಸಿಗೆ ಬಾಳುತ್ತದೆ, ಕಟ್ಟುವ ಬಗೆ ಹೀಗೆ ಎಂದು ಕಲ್ಲುಗಂಟಿನ ಒಂದು ಚಿತ್ರ.

ಅದಾಗುವವರೆಗೆ ಸಾಹಿತ್ಯದ ವಿದ್ಯಾರ್ಥಿಗಳಿಗೊಂದು ಕೆಲಸವಿದೆ, ಮುಂದಿನ ಕ್ಷೇತ್ರಕಾರ್ಯಕ್ಕೆ ರೆಕಾರ್ಡರಿನ ಜೊತೆ ಒಂದು ಮಾರು ಹಗ್ಗವನ್ನೂ ಇಟ್ಟುಕೊಂಡು ಹೋಗುವುದು. ಗಾದೆ ಹೇಳಿ ಮುಗಿಸಿದವರಿಗೆ ಹಗ್ಗ ಕೊಟ್ಟು ಕೇಳಿ, ಹೇಗೆ ಕಟ್ಟುತ್ತೀರಿ ಎಂದು. ಸಿರುಗುಪ್ಪ, ಕುರುಗೋಡು ಎರಡೇ ತಾಲ್ಲೂಕುಗಳಿಂದ ನಾನು ಈವರೆಗೆ ಒಂಬತ್ತು ಬಗೆಯ ಗಂಟು ಬರೆದುಕೊಂಡಿದ್ದೇನೆ. ಎರಡಕ್ಕೆ ಹೆಸರೇ ಇಲ್ಲ. ಒಂದನ್ನು ಕುರಿಹಟ್ಟಿಯ ಅಜ್ಜನೊಬ್ಬ ಕಟ್ಟಿ ತೋರಿಸಿದ. ಒದ್ದೆಯಾದ ಮೇಲೂ ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುತ್ತದೆ. ರಾತ್ರಿ ಸಿಡಿಲು ಶುರುವಾದಾಗ ಜಾಗ ಬಿಟ್ಟು ಓಡಬೇಕಲ್ಲ, ಅದಕ್ಕೆ ಎಂದ.

ಗೆಳತಿಗೆ ವರದಿ ಕಳಿಸಿದೆ. ಬಟ್ಟೆ ಚೆನ್ನಾಗಿದೆ, ಗೂಟ ಬದಲಿಸಲಿ, ಕಲ್ಲುಗಂಟಿನ ಚಿತ್ರ ಲಗತ್ತಿಸಿದೆ ಎಂದು ಬರೆದೆ. ಅವಳು ಅದನ್ನು ಹಾಳೆ ತಯಾರಿಸುವವರಿಗೆ ಕಳಿಸಿದಳಂತೆ, ಎರಡು ದಿನದಲ್ಲಿ ಧನ್ಯವಾದ ಹೇಳಿ ಉತ್ತರ ಬಂತಂತೆ. ಅದೇ ಚಿತ್ರ, ಅದೇ ಮೂರು ಸಾಲು, ಕಪ್ಪು ಹಾಳೆಯ ಬಗ್ಗೆ ಇನ್ನೆರಡು ಪುಟ ಸೇರಿಸಿ ನಾನೂ ಒಂದು ಅರ್ಜಿ ಬರೆದಿಟ್ಟಿದ್ದೇನೆ. ಕೆಳಗೆ ಸಹಿ ಹಾಕುವ ಜಾಗದಲ್ಲಿ ಮೊದಲ ಹೆಸರು ಅತ್ತೆಯದು. ಭರಣಿ ಮಳೆ ಹುಟ್ಟುವುದು ಏಪ್ರಿಲ್ 27ರ ಸುಮಾರಿಗೆ.